ಒಳ್ಳೆಮೆಣಸಿನ ಗೋಳಿಬಜೆ

ಸತ್ತ ಸ್ನೇಹಿತನ ಎಲೆಗೆ ಬಡಿಸಬೇಕಾದ ತಿಂಡಿಯನ್ನು ಹುಡುಕುತ್ತಾ ನಾವು ಮೂವರು ಒಂದು ಇಡೀ ದಿನ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಮೂಡುಬಿದಿರೆಗೆ ಹೋಟೆಲು ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ತಿರುಗಿದ್ದೆವು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ಅಂದು ಬೆಳಿಗ್ಗೆ ಹೊರಡುವಾಗ ನಾನೂ ಒಳಗೊಳಗೇ ನಕ್ಕಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾವು ನಾಲ್ವರು ಹೈಸ್ಕೂಲಿನಿಂದಲೂ ಜೊತೆ. ಒಬ್ಬ ಪಾಣೆಮಂಗಳೂರಿನ ಬ್ಯಾರಿ ಮುಸಲ್ಮಾನ. ಅಣ್ಣ ಗಲ್ಫಿನಲ್ಲಿದ್ದ ಕಾರಣ ಮನೆಯ ಬಟ್ಟೆಯಂಗಡಿಯೂ ಅಣ್ಣನ ಓಮ್ನಿ ವ್ಯಾನೂ ಇವನ ಕೈಯಲ್ಲಿದ್ದವು. ಇನ್ನೊಬ್ಬ ಮೂಡುಬಿದಿರೆ ಕಡೆಯ ಜೈನ. ಅಜ್ಜಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನದವನು. ಅದರ ಸೇಡನ್ನು ಹಗಲಿನಲ್ಲಿ ತೀರಿಸಿಕೊಳ್ಳುತ್ತಿದ್ದ ಎಂದು ನಾವು ಗೇಲಿ ಮಾಡುತ್ತಿದ್ದೆವು. ಆದರೆ ನಾಲಗೆ ಅಂದರೆ ಅವನದ್ದೇ. ಸಾಂಬಾರಿಗೆ ಯಾವ ಊರಿನ ಬೆಲ್ಲ ಹಾಕಿದ್ದಾರೆಂದು ಹೇಳಬಲ್ಲವನು. ನಾನು ಬಿ.ಸಿ. ರೋಡಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ತಪ್ಪು ಹುಡುಕುವುದೇ ಉದ್ಯೋಗವಾಗಿ ಯಾರ ಮಾತನ್ನೂ ಸುಲಭಕ್ಕೆ ನಂಬದ, ಬೇಗ ಸಿಟ್ಟೇರುವ ಸ್ವಭಾವ ನನಗೆ ಅಂಟಿಕೊಂಡಿತ್ತು.

ನಾಲ್ಕನೆಯವನು ಎಣ್ಣೆಯ ಲೈನ್ ಸೇಲಿನವನು. ಬೈಕಿನಲ್ಲಿ ಊರೂರಿನ ಹೋಟೆಲುಗಳಿಗೆ ಹೋಗಿ ಎಷ್ಟು ಟಿನ್ ಎಣ್ಣೆ ಬೇಕೆಂದು ಬರೆದುಕೊಂಡು ಬರುವುದು ಅವನ ಕೆಲಸ. ಮರುದಿನ ಟೆಂಪೋದಲ್ಲಿ ಮಾಲು ಹೋಗುತ್ತಿತ್ತು. ಮೂರು ತಾಲೂಕಿನಲ್ಲಿ ಅವನು ಕಾಲಿಡದ ಹೋಟೆಲು ಇರಲಿಲ್ಲ. ಒಂದು ಗುರುವಾರ ವೇಣೂರಿನ ಈಚೆಗಿನ ತಿರುವಿನಲ್ಲಿ ಬೈಕ್ ಜಾರಿ ಬಿದ್ದು ಅಲ್ಲೇ ಹೋದ. ಇಪ್ಪತ್ತೆಂಟು ವರ್ಷ. ಮನೆಯಲ್ಲಿ ಅಮ್ಮ ಒಬ್ಬರೇ.

ಹದಿಮೂರನೆಯ ದಿನಕ್ಕೆ ಬೊಜ್ಜ, ಎಂದರೆ ಉತ್ತರಕ್ರಿಯೆ, ಇಟ್ಟರು. ನಮ್ಮ ಕಡೆ ಬೊಜ್ಜದ ದಿನ ಒಳಕೋಣೆಯಲ್ಲಿ ಸತ್ತವನಿಗೆಂದು ಬಾಳೆಎಲೆ ಹಾಕಿ, ದೀಪ ಹಚ್ಚಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಬಾಗಿಲು ಮುಚ್ಚುತ್ತಾರೆ. ಹೊರಗೆ ಎಲ್ಲರೂ ಮಾತಿಲ್ಲದೆ ಕಾಯುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ ತೆರೆಯುತ್ತಾರೆ. ಅಷ್ಟರಲ್ಲಿ ಸತ್ತವನು ಬಂದು ಉಂಡು ಹೋದನೆಂದು ಅರ್ಥ. ಬೇಕಾದದ್ದು ಎಲೆಯಲ್ಲಿ ಇಲ್ಲದಿದ್ದರೆ ಅವನು ಉಣ್ಣುವುದಿಲ್ಲ, ಹೋಗುವುದೂ ಇಲ್ಲ, ಅಂಗಳದಲ್ಲೇ ಉಳಿಯುತ್ತಾನೆ ಎಂದು ಹೇಳುತ್ತಿದ್ದರು. ನಾನು ಇದನ್ನು ನಂಬುತ್ತಿರಲಿಲ್ಲ. ಅವನ ಅಮ್ಮ ನಂಬುತ್ತಿದ್ದರು.

ಬೊಜ್ಜಕ್ಕೆ ಎರಡು ದಿನ ಇರುವಾಗ ಅವರು ನಮ್ಮನ್ನು ಕರೆಸಿದರು. ಚಾವಡಿಯ ಕಂಬಕ್ಕೆ ಒರಗಿ ಕುಳಿತಿದ್ದರು. ದಿನಾ ಸಂಜೆಯ ಹೊತ್ತಿಗೆ ಅಂಗಳದಲ್ಲಿ ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳುತ್ತದಂತೆ. ಬಾಗಿಲು ತೆಗೆದರೆ ಯಾರೂ ಇಲ್ಲ. ಬೈಕು ಪೊಲೀಸ್ ಸ್ಟೇಷನ್ನಿನ ಹಿಂದೆ ನುಜ್ಜಾಗಿ ಬಿದ್ದಿತ್ತು. ಅದನ್ನು ಅಲ್ಲಿಗೆ ಎಳೆದುಕೊಂಡು ಹೋಗುವಾಗ ನಾನೇ ಕೈಹಾಕಿದ್ದೆ.

"ಅವನು ಹಸಿದು ನಿಂತಿದ್ದಾನೆ ಮಕ್ಕಳೇ," ಎಂದರು. "ಪ್ರತಿ ಶನಿವಾರ ಒಂದು ಕಟ್ಟು ಗೋಳಿಬಜೆ ತರ್ತಿದ್ದ. ಅದು ಅಂದ್ರೆ ಅವನಿಗೆ ಪ್ರಾಣ. ಅದು ಎಲೆಯಲ್ಲಿ ಇಲ್ಲದಿದ್ರೆ ಅವನು ಉಣ್ಣುದಿಲ್ಲ."

ಯಾವ ಹೋಟೆಲಿನದ್ದೆಂದು ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ. ಒಂದು ಕಡೆ ಸಿಗುತ್ತದೆ ಎಂದಷ್ಟೇ ಅವನು ಹೇಳುತ್ತಿದ್ದ. ಆದರೆ ಗುರುತು ಹೇಳಿದರು: ಲಿಂಬೆಹಣ್ಣಿಗಿಂತ ಸಣ್ಣ ಉಂಡೆ, ತೆಂಗಿನಕಾಯಿಯ ತೆಳು ಚೂರು, ಹಸಿಮೆಣಸು ಇಲ್ಲವೇ ಇಲ್ಲ, ಅದರ ಬದಲು ಜಜ್ಜಿದ ಕಾಳುಮೆಣಸು. ಕಾಳುಮೆಣಸಿಗೆ ನಮ್ಮಲ್ಲಿ ಒಳ್ಳೆಮೆಣಸು ಎನ್ನುತ್ತೇವೆ. ಹಸಿಮೆಣಸಿನ ಖಾರ ಇಲ್ಲದ್ದರಿಂದ ತಾನೂ ತಿನ್ನುತ್ತಿದ್ದೆ ಎಂದರು. ಒಳ್ಳೆಮೆಣಸು ಹಾಕಿದ ಗೋಳಿಬಜೆಯನ್ನು ನಾವು ಯಾರೂ ಕಂಡಿರಲಿಲ್ಲ. ಮೈದಾ, ಹುಳಿಮೊಸರು, ಶುಂಠಿ, ಹಸಿಮೆಣಸು, ಕರಿಬೇವಿನಸೊಪ್ಪು: ಗೋಳಿಬಜೆ ಎಂದರೆ ಅಷ್ಟೇ. ಹದಿನೈದು ವರ್ಷ ಜೊತೆಗೆ ತಿರುಗಿದರೂ ಈ ಹೋಟೆಲಿನ ಸುದ್ದಿಯನ್ನು ನಮ್ಮಿಂದ ಮುಚ್ಚಿಟ್ಟನಲ್ಲ ಎಂದು ಸತ್ತವನ ಮೇಲೆ ನನಗೆ ಸಿಟ್ಟೇ ಬಂತು.

ಮರುದಿನ ಸೋಮವಾರ ಬೆಳಿಗ್ಗೆ ಓಮ್ನಿಯಲ್ಲಿ ಹೊರಟೆವು. ಅವನ ಲೈನು ನಮಗೆ ಗೊತ್ತಿತ್ತು, ಅದೇ ದಾರಿ ಹಿಡಿದರೆ ಎಲ್ಲೋ ಒಂದು ಕಡೆ ಸಿಕ್ಕಲೇಬೇಕು. ಬ್ಯಾರಿ ಸ್ನೇಹಿತ ಗಾಡಿ ಓಡಿಸಿದ, ಜೈನ ಮುಂದೆ ಕುಳಿತ. ನಾನು ಹಿಂದಿನ ಸೀಟಿನ ಒಂದು ಮೂಲೆಗೆ ಒತ್ತಿಕೊಂಡೆ. ಎಡಬಾಗಿಲ ಪಕ್ಕದ ಜಾಗ ಯಾವತ್ತೂ ಅವನದ್ದು. ಖಾಲಿ ಇದ್ದರೂ ನಾನು ಅತ್ತ ಸರಿಯಲಿಲ್ಲ.

ಬಂಟ್ವಾಳ ಪೇಟೆಯ ಮೊದಲನೆಯ ಹೋಟೆಲಿನಲ್ಲಿ ಉಂಡೆ ದೊಡ್ಡದು, ಒಳಗೆಲ್ಲ ಗಾಳಿ. ಬಾಣಲೆಯ ಮುಂದೆ ನಿಂತವನನ್ನು ಎಣ್ಣೆಯ ಲೈನಿನವನ ಬಗ್ಗೆ ಕೇಳಿದೆವು. ಅವನು ಇಲ್ಲಿ ಏನೂ ತಿಂದದ್ದನ್ನು ತಾನು ಕಂಡಿಲ್ಲ ಎಂದ. ಬಂದವನೇ ಬಾಣಲೆಗೆ ಬಗ್ಗಿ ನೋಡಿ, ಎಣ್ಣೆ ಕಪ್ಪಾಗಿದೆ, ಬದಲಿಸಿ ಎಂದು ಹೇಳಿ, ಒಂದು ಚಾ ಕುಡಿದು ಹೋಗುತ್ತಿದ್ದನಂತೆ. ಪುಂಜಾಲಕಟ್ಟೆಯಲ್ಲೂ ಅದೇ ಉತ್ತರ. ಮಡಂತ್ಯಾರಿನಲ್ಲೂ ಅದೇ. ನಾವಂತೂ ಎಲ್ಲ ಕಡೆ ತಿನ್ನುತ್ತಲೇ ಇದ್ದೆವು. ಮಡಂತ್ಯಾರಿನದ್ದು ಹೊರಗೆ ಗರಿಗರಿ, ಒಳಗೆ ಹತ್ತಿ; ಜೈನ ಸ್ನೇಹಿತ ಇದು ಸತ್ತವನಿಗೂ ಇಷ್ಟವಾಗುವ ರುಚಿ ಎಂದು ಎರಡು ಪ್ಲೇಟು ಹೆಚ್ಚಿಗೆ ತಿಂದ. ಆದರೆ ಅದರಲ್ಲಿ ಹಸಿಮೆಣಸು ಇತ್ತು. ನಮ್ಮ ನಡುವೆ ಮಾತು ಕಡಿಮೆಯಾಗತೊಡಗಿದ್ದು ಅಲ್ಲಿಂದಲೇ. ಇಷ್ಟು ಹೋಟೆಲು ಸುತ್ತಿದವನು ಎಲ್ಲೂ ಒಂದು ತುತ್ತು ತಿಂದಿಲ್ಲವೆಂದರೆ ಅದೇನು? ಬದುಕಿರುವಾಗಲೂ ಅವನು ಬರೀ ಬಾಗಿಲಲ್ಲಿ ನಿಂತು, ನೋಡಿ, ಹೋಗುತ್ತಿದ್ದನೇ?

ಬೆಳ್ತಂಗಡಿಗೆ ತಲುಪುವಾಗ ಮಧ್ಯಾಹ್ನದ ಉರಿಬಿಸಿಲು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಊಟದವರೆಲ್ಲ ಎದ್ದುಹೋಗಿ ಬೆಂಚುಗಳು ಖಾಲಿ ಇದ್ದವು. ಗಲ್ಲಾದಲ್ಲಿ ಒಬ್ಬರು ಮುದುಕರು. ಎಣ್ಣೆಯ ಲೈನಿನವನ ಹೆಸರು ಹೇಳಿದ್ದೇ ತಡ, ಅವರ ಮುಖ ಗಂಟಾಯಿತು.

"ಅವರಿಗೆ ನಮ್ಮ ಮೇಲೆ ಎಂತ ಸಿಟ್ಟು? ಮೊನ್ನೆ ಶುಕ್ರವಾರ ಬಂದು ಬಾಗಿಲಲ್ಲಿ ನಿಂತಿದ್ರು. ಆರ್ಡರ್ ಕೊಡುವ ಅಂತ ಕರೆದೆ. ಬಾಣಲೆ ನೋಡಿದ್ರು, ಹೋದ್ರು. ಒಂದು ಮಾತಿಲ್ಲ."

ಅವನು ಹೋಗಿ ಆ ಶುಕ್ರವಾರಕ್ಕೆ ಎಂಟು ದಿನ ಕಳೆದಿತ್ತು. ಬೇರೆ ಯಾರೋ ಇರಬೇಕು ಎಂದೆ. ಮುದುಕರು ನನ್ನನ್ನೇ ಗದರಿಸಿದರು. ನಾಲ್ಕು ವರ್ಷದಿಂದ ಬರುವವರು ತನಗೆ ಗೊತ್ತಾಗುವುದಿಲ್ಲವೇ ಎಂದರು. ಅವರ ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪವಿತ್ತು. ಹೊರಗೆ ಬಂದ ಮೇಲೆ ನಾನು ಅದನ್ನೇ ಹಿಡಿದುಕೊಂಡು ಇಬ್ಬರಿಗೂ ಪಾಠ ಮಾಡಿದೆ. ಆ ಕಣ್ಣಿಗೆ ಬಾಗಿಲಲ್ಲಿ ನಿಂತ ಎಮ್ಮೆಯೂ ಲೈನ್ ಸೇಲಿನವನಾಗಿಯೇ ಕಂಡೀತು ಎಂದೆ. ಯಾರೂ ನಗಲಿಲ್ಲ. ಮುದುಕರಿಗೆ ಅವನು ಸತ್ತ ವಿಷಯ ತಿಳಿಸದೆ ಬಂದೆವಲ್ಲ ಎಂದು ಬ್ಯಾರಿ ಸ್ನೇಹಿತ ಕೇಳಿದ. ಮೊದಲು ಗಾಡಿ ಹತ್ತು ಎಂದೆ.

ಗುರುವಾಯನಕೆರೆಗೆ ಹಿಂದೆ ಬಂದು ವೇಣೂರಿನ ರಸ್ತೆ ಹಿಡಿದೆವು. ಆ ತಿರುವು ಬರುತ್ತದೆಂದು ಮೂವರಿಗೂ ಗೊತ್ತು, ಮೂವರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ತಿರುವಿನಲ್ಲಿ ಬ್ಯಾರಿ ಸ್ನೇಹಿತ ವೇಗ ತಗ್ಗಿಸಿ ಒಮ್ಮೆ ಹಾರ್ನ್ ಹಾಕಿದ. ಎದುರಿಗೆ ಗಾಡಿ ಇರಲಿಲ್ಲ. ಹಾರ್ನ್ ನಿಂತ ಕೂಡಲೇ ನನ್ನ ಪಕ್ಕದ ಖಾಲಿ ಜಾಗದ ಆಚೆ, ಓಮ್ನಿಯ ಎಡಬಾಗಿಲು ಸರಸರನೆ ಸರಿದು ಪೂರ್ತಿ ತೆರೆದುಕೊಂಡಿತು.

ಗಾಡಿ ನಿಂತಿತು. ರಸ್ತೆಯ ಅಂಚಿನಲ್ಲಿ ಹುಲ್ಲು ಸುಟ್ಟಂತೆ ಕಪ್ಪಾಗಿದ್ದ ಜಾಗ. ಬೈಕಿನಿಂದ ಚೆಲ್ಲಿದ ಎಣ್ಣೆ. ಹಕ್ಕಿಯ ದನಿಯೂ ಇರಲಿಲ್ಲ. ಬ್ಯಾರಿ ಸ್ನೇಹಿತ ಇಳಿದು ಬಂದು ಬಾಗಿಲಿಗೆ ಕೈಹಾಕಿದವನು ಎಳೆಯದೆ ಹಾಗೆಯೇ ನಿಂತ.

"ಇಳಿದನಾ, ಹತ್ತಿದನಾ?" ಎಂದು ಕೇಳಿದ.

ತಮಾಷೆಗೆ ಕೇಳಿದ್ದಲ್ಲ. ಯಾವುದು ಎಂದು ಗೊತ್ತಾಗದೆ ಬಾಗಿಲು ಹಾಕಲು ಅವನಿಗೆ ಧೈರ್ಯವಿರಲಿಲ್ಲ. ಓಮ್ನಿಯ ಬಾಗಿಲು ಸವೆದರೆ ತಿರುವಿನಲ್ಲಿ ಸರಿಯುವುದು ಸಾಮಾನ್ಯ ಎಂದು ನಾನು ಕೂಗಾಡಿದೆ, ಎದ್ದು ನಾನೇ ಎಳೆದು ಹಾಕಿದೆ. ಹಾಕಿದ ಮೇಲೆ ಆ ಸೀಟಿನ ಕಡೆ ನೋಡಲಿಲ್ಲ. ವೇಣೂರು ದಾಟುವವರೆಗೂ ನನ್ನ ಎಡತೋಳು ತಣ್ಣಗಿತ್ತು. ಹೆದರಿಕೆಯಾಗಿತ್ತು ಎಂದು ಈಗ ಹೇಳಲು ನಾಚಿಕೆಯಿಲ್ಲ.

ಮೂಡುಬಿದಿರೆಯಲ್ಲಿ ಅವನ ಲೈನು ಮುಗಿಯುತ್ತಿತ್ತು. ಪೇಟೆಯ ಎರಡು ಹೋಟೆಲು ನೋಡಿ, ಮೂರನೆಯದಕ್ಕೆ ಹೋಗುವಾಗ ನಾಲ್ಕೂವರೆ ದಾಟಿತ್ತು. ಹೊಟ್ಟೆ ಕಲ್ಲಾಗಿ, ಗೋಳಿಬಜೆಯ ಹೆಸರೆತ್ತಿದರೆ ವಾಕರಿಕೆ ಬರುವ ಹಾಗಾಗಿತ್ತು. ಸಪ್ಲೈಯರ್ ಬಂದು ಮೇಜಿನ ಮೇಲೆ ನೀರಿನ ಲೋಟಗಳನ್ನಿಟ್ಟ. ನಾಲ್ಕು ಲೋಟ. ಅವನು ಗಡ್ಡ ನರೆತ ನಿಧಾನದ ಮನುಷ್ಯ, ಚೇಷ್ಟೆ ಮಾಡುವವರ ಪೈಕಿಯಲ್ಲ. ನಾವು ಎಂದಿನಂತೆ ಕೇಳಿದೆವು: ಎಣ್ಣೆಯ ಲೈನಿನವರು ಗೋಳಿಬಜೆ ಎಲ್ಲಿಂದ ಕೊಂಡುಹೋಗುತ್ತಿದ್ದರು, ಗೊತ್ತುಂಟಾ?

"ಅವರನ್ನೇ ಕೇಳಿ," ಎಂದ. "ಕೈ ತೊಳೀತಿದ್ದಾರಲ್ಲ."

ಕೈತೊಳೆಯುವ ತೊಟ್ಟಿ ನಮ್ಮ ಬೆನ್ನ ಹಿಂದೆ ಇತ್ತು. ನಾವು ಒಳಗೆ ಬರುವಾಗ ಅಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ನಲ್ಲಿಯಿಂದ ನೀರು ಬೀಳುತ್ತಿತ್ತು, ಮುಂದೆ ಯಾರೂ ಇಲ್ಲ. ಸಪ್ಲೈಯರ್ ಕೂಡ ನೋಡಿದ. ಈಗ ಇದ್ದರಲ್ಲ ಎಂದು ತನಗೇ ಹೇಳಿಕೊಂಡು ಮೇಜು ಒರೆಸಿದ. ನಾನು ಎದ್ದು ಹೋಗಿ ನಲ್ಲಿ ನಿಲ್ಲಿಸಿದೆ. ಹಿಂದೆ ಬಂದಾಗ ಜೈನ ಸ್ನೇಹಿತ ಸಪ್ಲೈಯರನಿಂದ ಒಂದು ವಿಷಯ ತಿಳಿದುಕೊಂಡಿದ್ದ. ಶನಿವಾರ ಮಾತ್ರ ಎಣ್ಣೆಯ ಲೈನಿನವನು ಊರಿನ ಕಡೆ ತಿರುಗದೆ ಬೆಳುವಾಯಿಯ ಕಡೆ ಬೈಕ್ ಓಡಿಸುತ್ತಿದ್ದ. ಅಲ್ಲಿ ಅವನ ಎಣ್ಣೆ ಕೊಳ್ಳುವ ಹೋಟೆಲು ಒಂದೂ ಇರಲಿಲ್ಲ.

ನಾಲ್ಕನೆಯ ಲೋಟದ ನೀರನ್ನು ಯಾರೂ ಮುಟ್ಟದೆ ಎದ್ದೆವು.

ಬೆಳುವಾಯಿಗೆ ಬರುವ ಹೊತ್ತಿಗೆ ಬಿಸಿಲು ಗದ್ದೆಗಳ ಮೇಲೆ ಓರೆಯಾಗಿತ್ತು. ರುಚಿ ಗುರುತಿಸಬೇಕಾದ ನಾಲಗೆ ನಮ್ಮ ಜೈನನದ್ದು, ಅದು ಸೂರ್ಯ ಮುಳುಗಿದರೆ ಮುಚ್ಚುವ ನಾಲಗೆ. ಇಲ್ಲೂ ತಪ್ಪಿದರೆ ಬೊಜ್ಜದ ಎಲೆಗೆ ಏನೋ ಒಂದು ಬಡಿಸಿ ಅಮ್ಮನಿಗೆ ಸುಳ್ಳು ಹೇಳಬೇಕಾಗಿತ್ತು. ರಸ್ತೆ ಬದಿಯಲ್ಲಿ ಹಂಚಿನ ಮಾಡಿನ ಒಂದು ಸಣ್ಣ ಹೋಟೆಲು, ಎರಡು ಬೆಂಚು. ಐವತ್ತು ದಾಟಿದ ಒಬ್ಬ ಹೆಂಗಸು ಒಲೆಯ ಮುಂದೆ ಕುಳಿತಿದ್ದರು. ಮೂವರು ಇಳಿಯುವುದನ್ನು ಕಂಡು ಎದ್ದು, ಕೇಳುವ ಮೊದಲೇ ಬಾಣಲೆ ಒಲೆಗಿಟ್ಟರು. ಹೊಸ ಎಣ್ಣೆಯ ಟಿನ್ ಒಡೆದು ಸುರಿದರು. ಪಕ್ಕದಲ್ಲಿ ಮುಚ್ಚಿಟ್ಟ ಪಾತ್ರೆಯಲ್ಲಿ ಹಿಟ್ಟು ಕಲಸಿ ರೆಡಿ ಇತ್ತು. ಹಿಟ್ಟಿನಲ್ಲಿ ಕಪ್ಪು ಕಪ್ಪು ಚುಕ್ಕೆ.

"ಶನಿವಾರ ಬಂದು ಹೇಳಿ ಹೋಗಿದ್ದಾರೆ," ಎಂದರು. "ನನಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ ಅಕ್ಕ, ನನ್ನ ದೋಸ್ತಿಗಳು ಬರ್ತಾರೆ ಅಂತ."

ಯಾವ ಶನಿವಾರ ಎಂದು ನಾನು ಕೇಳಲಿಲ್ಲ. ಸಾಯುವ ಮೊದಲಿನ ಶನಿವಾರವೂ ಆಗಿರಬಹುದು ಎಂದು ಇವತ್ತಿಗೂ ನನಗೆ ನಾನು ಹೇಳಿಕೊಳ್ಳುತ್ತೇನೆ. ಹಾಗಾದರೆ ಹಿಟ್ಟನ್ನು ಆ ಸೋಮವಾರವೇ ಏಕೆ ಕಲಸಿ ಇಟ್ಟಿದ್ದರು ಎಂಬುದಕ್ಕೆ ಉತ್ತರವಿಲ್ಲ.

ಅಕ್ಕ ಕೈಯಿಂದ ಹಿಟ್ಟು ಜಾರಿಸಿದ ಹಾಗೆ ಸಣ್ಣ ಉಂಡೆಗಳು ಎಣ್ಣೆಯಲ್ಲಿ ಮುಳುಗಿ, ಎದ್ದು, ತಾವಾಗಿ ಹೊರಳಿದವು. ಸೂರ್ಯ ಗದ್ದೆಯಾಚೆಯ ಮರಗಳಿಗೆ ತಾಗಿತ್ತು. ಜೈನ ಸ್ನೇಹಿತ ಬಾಯಿ ಸುಟ್ಟುಕೊಂಡೇ ಒಂದನ್ನು ಕಚ್ಚಿ, ಕಣ್ಣು ಮುಚ್ಚಿ ಜಗಿದು, ಇದುವೇ ಎಂದು ತಲೆಯಾಡಿಸಿದ. ಅಂತೂ ಅವನು ಕೂತು ತಿಂದ ಒಂದು ಜಾಗ ಸಿಕ್ಕಿತಲ್ಲ ಎಂದು ಸಂತೋಷದಿಂದ, ಅವನು ಯಾವ ಬೆಂಚಿನಲ್ಲಿ ಕೂರುತ್ತಿದ್ದ ಎಂದು ಅಕ್ಕನನ್ನು ಕೇಳಿದೆ.

"ಅವರು ತಿನ್ನುದಿಲ್ಲಪ್ಪ," ಎಂದರು ಅವರು. "ದಿನಾ ಎಣ್ಣೆ ಮಾರಿ ಮಾರಿ ಕರಿದದ್ದರ ವಾಸನೆಗೇ ಹೊಟ್ಟೆ ತೊಳಸ್ತದೆ ಅಂತಾರೆ. ಇದು ಅಮ್ಮನಿಗೆ. ಅಮ್ಮನಿಗೆ ಹೊಟ್ಟೆಹುಣ್ಣು, ಹಸಿಮೆಣಸು ಆಗುದಿಲ್ಲ, ಹಳೇ ಎಣ್ಣೆ ಆಗುದಿಲ್ಲ. ನನಗೆ ಇಷ್ಟ ಅಂತ ಸುಳ್ಳು ಹೇಳಿ ತಿನ್ನಿಸ್ತೇನೆ ಅಕ್ಕ, ಇಲ್ಲದಿದ್ರೆ ಅಮ್ಮ ಮನೆಯಲ್ಲಿ ಗಂಜಿ ಬಿಟ್ಟು ಬೇರೆ ಎಂತದೂ ಮುಟ್ಟುದಿಲ್ಲ ಅಂತಾರೆ."

ಅವನ ಬಗ್ಗೆ ಅವರು ಮಾತಾಡಿದ್ದೆಲ್ಲ ಇರುವವನ ಬಗ್ಗೆ ಮಾತಾಡಿದ ಹಾಗೆ. ನಾವು ಮೂವರಲ್ಲಿ ಯಾರೂ ತಿದ್ದಲಿಲ್ಲ. ನಾಳೆ ಬೆಳಿಗ್ಗೆ ಬಿಸಿಬಿಸಿ ಮಾಡಿಡಿ, ಬಂದು ಕೊಂಡುಹೋಗುತ್ತೇವೆ ಎಂದಷ್ಟೇ ಹೇಳಿ ಗಾಡಿ ಹತ್ತಿದೆವು.

ಸಿದ್ದಕಟ್ಟೆಯ ದಾರಿಯಾಗಿ ಮನೆಗೆ ಬರುವಾಗ ವಾದ ನಡೆಯಿತು. ಅಮ್ಮನಿಗೆ ನಿಜ ಹೇಳಬೇಕು, ಜೀವವಿರುವಾಗ ಅವನಿಗೆ ಹೇಸಿಗೆಯಾಗಿದ್ದನ್ನು ಸತ್ತ ಮೇಲೆ ಬಡಿಸುವುದೇ ಎಂದು ಬ್ಯಾರಿ ಸ್ನೇಹಿತ. ಹೇಳಿದರೆ ಬದಲಿಗೆ ಏನು ಬಡಿಸುತ್ತಾರೆ ಎಂದು ಜೈನ. ಕೊನೆಗೆ ನಾನೇ ತೀರ್ಮಾನ ಕೊಟ್ಟೆ: ಹೇಳುವುದು ಬೇಡ. ದಿನಾ ಊರವರ ತಪ್ಪು ತಿದ್ದುವ ನಾನು ಈ ಒಂದು ತಪ್ಪನ್ನು ಹಾಗೇ ಬಿಡುವ ಎಂದೆ.

ಬೊಜ್ಜದ ದಿನ ಮಧ್ಯಾಹ್ನ ಒಳಕೋಣೆಯಲ್ಲಿ ಎಲೆ ಹಾಕಿದರು. ಅನ್ನ, ಪದಾರ್ಥಗಳು, ಪಾಯಸ, ನಡುವೆ ಬೆಳುವಾಯಿಯ ಗೋಳಿಬಜೆ. ಕಟ್ಟು ಬಿಚ್ಚಿದಾಗ ಅಮ್ಮ ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದುವೇ ಎಂದು ನಮ್ಮ ಮೂವರ ತಲೆಯನ್ನೂ ಸವರಿದ್ದರು. ಬಾಗಿಲು ಮುಚ್ಚಿತು. ಚಾವಡಿಯಲ್ಲಿ ನೆಂಟರಿಷ್ಟರು, ಅಂಗಳದಲ್ಲಿ ಚಪ್ಪರದಡಿಯಲ್ಲಿ ನಾವು. ಸುಮಾರು ಇಪ್ಪತ್ತು ಜನರಿದ್ದರೂ ಉಸಿರಿನ ಸದ್ದಿಲ್ಲ. ಆಗ ನಮ್ಮ ಬೆನ್ನ ಹಿಂದೆ ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿಸಿತು. ಕಬ್ಬಿಣ ನೆಲಕ್ಕೆ ತಾಗಿದ ಸದ್ದು, ಬೇರೇನಲ್ಲ. ಬ್ಯಾರಿ ಸ್ನೇಹಿತ ನನ್ನ ಮಣಿಕಟ್ಟು ಹಿಡಿದುಕೊಂಡ. ನಾನು ತಿರುಗಿ ನೋಡಲಿಲ್ಲ. ನೋಡಿದ ಜೈನ ಸ್ನೇಹಿತ ಅಂಗಳ ಖಾಲಿ ಇತ್ತೆಂದು ಆಮೇಲೆ ಹೇಳಿದ.

ಅವನ ದೊಡ್ಡ ಮಾವ ಕೆಮ್ಮಿ, ಮೂರು ಸಲ ತಟ್ಟಿ ಬಾಗಿಲು ತೆರೆದರು. ಅಮ್ಮ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಎಲೆಯ ಮುಂದೆ ಬಗ್ಗಿದರು. ಉಂಡಿದ್ದರೆ ಅನ್ನದ ರಾಶಿ ಒಂದು ಕಡೆ ಕುಸಿದಿರುತ್ತದೆ, ಪಾಯಸದಲ್ಲಿ ಬೆರಳಿನಷ್ಟು ಗುರುತಾದರೂ ಇರುತ್ತದೆ ಎಂದು ಹೆಂಗಸರು ಹೇಳುವುದುಂಟು. ಎಲೆ ಬಡಿಸಿದ ಹಾಗೆಯೇ ಇತ್ತು. ಗೋಳಿಬಜೆಯ ಮೇಲೆ ತೆಳುವಾಗಿ ಎಣ್ಣೆ ಹೊಳೆಯುತ್ತಿತ್ತು.

"ಮುಟ್ಟಲಿಲ್ಲ," ಎಂದರು ಅಮ್ಮ. "ಅವನು ಮುಟ್ಟಲೇ ಇಲ್ಲ."

ಅಲ್ಲೇ ನೆಲಕ್ಕೆ ಕುಳಿತರು. ಯಾರೋ ಹಿಡಿದುಕೊಂಡರು. ಮಾವ ಏನೇನೋ ಸಮಾಧಾನ ಹೇಳಿದರು, ಅವರಿಗೆ ಕೇಳಿಸುತ್ತಿರಲಿಲ್ಲ. ಮಗ ಹಸಿದೇ ಹೋಗುತ್ತಾನೆ, ಹಸಿದೇ ಹೋಗುತ್ತಾನೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಸಿಟ್ಟು ನನ್ನ ಮೇಲೆಯೇ ಇತ್ತು. ಒಳಗೆ ನುಗ್ಗಿ, ಅವರ ಎದುರು ಕುಳಿತು, ಬೆಳುವಾಯಿಯ ಅಕ್ಕ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಕರಿದದ್ದನ್ನು ತಿನ್ನುತ್ತಲೇ ಇರಲಿಲ್ಲ ಎಂದೆ. ಅದು ನಿಮಗೆಂದು ತಂದದ್ದು ಎಂದೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದರು.

"ಹಾಗಾದ್ರೆ ಅವನಿಗೆ ಇಷ್ಟ ಯಾವುದು ಇತ್ತು?" ಎಂದು ಕೇಳಿದರು.

ನಾನು ಬಾಗಿಲ ಕಡೆ ನೋಡಿದೆ. ಹೊಸ್ತಿಲಾಚೆ ನಿಂತ ಇಬ್ಬರೂ ತಲೆ ತಗ್ಗಿಸಿದರು. ಹದಿನೈದು ವರ್ಷ ಒಂದೇ ಮೇಜಿನಲ್ಲಿ ಕುಳಿತಿದ್ದೆವು. ನಾವು ತಿನ್ನುವಾಗ ಅವನು ಎದುರು ಕುಳಿತು ಚಾ ಕುಡಿಯುತ್ತಿದ್ದ, ನಮ್ಮ ಪ್ಲೇಟು ಖಾಲಿಯಾದರೆ ಇನ್ನೊಂದು ಹೇಳುತ್ತಿದ್ದ. ಅವನು ಏನು ತಿನ್ನುತ್ತಿದ್ದನೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಏನೂ ಬರಲಿಲ್ಲ.

ಅಮ್ಮ ಮತ್ತೆ ಕೇಳಲಿಲ್ಲ. ಹಿಡಿದವರ ಕೈ ಬಿಡಿಸಿಕೊಂಡು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಸತ್ತವನ ಎಲೆಗೆ ಬದುಕಿರುವವರು ಕೈಹಾಕಬಾರದು ಎಂದು ಮಾವ ಗಾಬರಿಯಿಂದ ತಡೆಯಲು ಬಂದರು. ಅಮ್ಮ ಅವರನ್ನು ನೋಡಲೇ ಇಲ್ಲ. ಒಂದು ಗೋಳಿಬಜೆ ತೆಗೆದು ಬಾಯಿಗಿಟ್ಟುಕೊಂಡರು. ಹನ್ನೆರಡು ದಿನದಿಂದ ಅವರು ಗಂಜಿಯನ್ನೂ ಸರಿಯಾಗಿ ಮುಟ್ಟಿರಲಿಲ್ಲ. ನಿಧಾನವಾಗಿ ಜಗಿದು ನುಂಗಿದರು, ಇನ್ನೊಂದು ತೆಗೆದುಕೊಂಡರು. ಕಣ್ಣೀರು ಎಲೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಯದನ್ನೂ ಮುಗಿಸಿದರು. ಆಮೇಲೆ ಅವರು ಎದುರಿನ ಖಾಲಿ ಗೋಡೆಯ ಕಡೆ, ಅಲ್ಲಿ ಒಬ್ಬರು ಕುಳಿತಿದ್ದರೆ ಮುಖ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟು ಎತ್ತರಕ್ಕೆ ಕಣ್ಣೆತ್ತಿ ನೋಡಿದರು.

"ತಿಂದೆ ಮಗ," ಎಂದರು. "ಎಲ್ಲ ತಿಂದೆ. ಇನ್ನು ನೀನು ಹೋಗು."